ಬುರುಡೆಯೊಳಗಿನ ಬೀಜಗಳು

ಸೊರಡಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಸಾವಿತ್ರೆವ್ವನನ್ನು ಊರವರು ಎದುರಿಗೆ ‘ಗಿರಣಿ ಅಕ್ಕ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ತಂಬೂರಿ ತಿನ್ನಾಕಿ’ ಎನ್ನುತ್ತಿದ್ದರು. ಎರಡು ಹೆಸರೂ ಅವಳಿಗೆ ಗೊತ್ತಿದ್ದವು. ಮೊದಲನೆಯದಕ್ಕೆ ಓಗೊಡುತ್ತಿದ್ದಳು, ಎರಡನೆಯದರ ಗೊಡವೆಗೆ ಹೋಗುತ್ತಿರಲಿಲ್ಲ.

ಆ ಎರಡನೆಯ ಹೆಸರಿಗೆ ಕಾರಣವಿತ್ತು. ಭಜನೆಯವರ ಮುರಿದ ತಂಬೂರಿಗಳನ್ನು ಸರಿಪಡಿಸುವುದು, ಮನಸ್ಸು ಬಂದರೆ ಹೊಸದನ್ನೇ ಕಟ್ಟುವುದು ಅವಳ ಹವ್ಯಾಸವಾಗಿತ್ತು. ತಂತಿಯನ್ನು ಶ್ರುತಿಗೆ ತರುವಾಗ ಅವಳು ಅದರ ಹತ್ತಿರ ಕಿವಿ ಒಯ್ಯುತ್ತಿರಲಿಲ್ಲ. ತಂಬೂರಿಯ ದಂಡಿಗೆ ದವಡೆ ಒತ್ತಿ, ಒಮ್ಮೊಮ್ಮೆ ಕಟ್ಟಿಗೆಯನ್ನು ಹಲ್ಲಿನಲ್ಲೇ ಕಚ್ಚಿ ಹಿಡಿದು, ಕಣ್ಣು ಮುಚ್ಚಿ ಬಿರಡೆ ತಿರುವುತ್ತಿದ್ದಳು. ಯಾಕೆಂದು ಕೇಳಿದವರಿಗೆ, “ಇದು ಹುನರು. ನಿಮಗ ತಿಳಿಯಂಗಿಲ್ಲ” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಹುನರು ನಿಜ, ಆದರೆ ಅದರ ಬೇರು ಬೇರೆ ಕಡೆಗಿತ್ತು. ಇಪ್ಪತ್ನಾಲ್ಕು ವರ್ಷ ಗಿರಣಿಯ ಮೋಟಾರಿನ ಮಗ್ಗುಲಲ್ಲಿ ನಿಂತು ಅವಳ ಕಿವಿಯೊಳಗಿನ ಸಣ್ಣ ಸಪ್ಪಳಗಳೆಲ್ಲ ಸವೆದುಹೋಗಿದ್ದವು. ಬಳೆಯ ಸದ್ದು, ಕುಕ್ಕರಿನ ಸೀಟಿ, ಒಣಗಿದ ಎಲೆಯ ಸರಪರ ಅವಳ ಪಾಲಿಗೆ ಇಲ್ಲವಾಗಿ ಎಷ್ಟೋ ವರ್ಷಗಳಾಗಿದ್ದವು. ದಪ್ಪ ದನಿಗಳು ಉಳಿದಿದ್ದವು. ಮನುಷ್ಯರ ಮಾತನ್ನು ಅರ್ಧ ಕಿವಿಯಿಂದ, ಅರ್ಧ ಕಣ್ಣಿನಿಂದ ಹಿಡಿಯುತ್ತಿದ್ದಳು. ತಂತಿಯ ನಾದ ಮಾತ್ರ ದವಡೆಯ ಎಲುಬಿನಿಂದ ನೇರವಾಗಿ ತಲೆಯೊಳಗೆ ಇಳಿಯುತ್ತಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ. ‘ಕಿವುಡಿ’ ಎನಿಸಿಕೊಳ್ಳುವುದಕ್ಕಿಂತ ‘ತಂಬೂರಿ ತಿನ್ನಾಕಿ’ ಎನಿಸಿಕೊಳ್ಳುವುದೇ ಅವಳಿಗೆ ಮೇಲಾಗಿ ಕಂಡಿತ್ತು.

ಈ ಹವ್ಯಾಸ ಹತ್ತಿದ್ದು ಹದಿನೈದು ವರ್ಷಗಳ ಹಿಂದೆ. ಗಂಡ ಸೋಮನಿಂಗಪ್ಪ ಊರ ಭಜನಾ ಮೇಳದಲ್ಲಿ ಹಾಡುತ್ತಿದ್ದ. ಅವನ ತಂಬೂರಿಯ ಸೋರೆಬುರುಡೆ ಬಿರುಕು ಬಿಟ್ಟಾಗ, ಮಿರಜಿನ ವಾದ್ಯಗಾರರ ಹತ್ತಿರ ಒಯ್ದರೆ ದೀಪಾವಳಿಯವರೆಗೆ ಕಾಯಬೇಕೆಂದು ಗೊತ್ತಾಯಿತು. “ಮನಷ್ಯಾ ಮಾಡಿದ್ದನ್ನ ಮನಷ್ಯಾಗ ಬಿಚ್ಚಾಕ ಬರಂಗಿಲ್ಲೇನು?” ಎಂದು ಸಾವಿತ್ರೆವ್ವ ಅದನ್ನು ತೊಡೆಯ ಮೇಲೆ ಎಳೆದುಕೊಂಡಳು. ಕೈಗೆ ಸಿಕ್ಕುವುದು ಹಿಟ್ಟು. ಅದನ್ನೇ ಅಂಟಿನಲ್ಲಿ ಕಲಸಿ ಬಿರುಕಿಗೆ ಮೆತ್ತಿದಳು. ತಿಂಗಳೊಳಗೆ ಹುಳ ಬಿದ್ದು, ತುಂಬಿದ ಭಜನೆಯ ನಡುವೆ ಮೇಳದ ಹಿರಿಯ ಅಪ್ಪಾಸಾಬನ ಧೋತರದ ಮೇಲೆ ಜೋಳದ ಹಿಟ್ಟು ಸುರಿಯಿತು.

“ಸೋಮನಿಂಗಾ, ನಿನ್ನ ಹೇಣ್ತಿ ತಂಬೂರ್ಯಾಗೂ ಗಿರಣಿ ಕುಂದ್ರಿಸ್ಯಾಳಲ್ಲೋ!” ಎಂದು ಅಪ್ಪಾಸಾಬ ಧೋತರ ಝಾಡಿಸಿದಾಗ ಭಜನೆಯೇ ನಿಂತು ಎಲ್ಲರೂ ನಕ್ಕಿದ್ದರು.

ಆ ನಗೆಯನ್ನು ಸಾವಿತ್ರೆವ್ವ ಮರೆಯಲಿಲ್ಲ. ಕೆಡಿಸುತ್ತ ಕೆಡಿಸುತ್ತ ಕಲಿತಳು. ಹಿಟ್ಟಿನ ಬದಲು ಜಾಲಿ ಕಟ್ಟಿಗೆಯ ಹೊಟ್ಟನ್ನು ಅಂಟಿನಲ್ಲಿ ಕಲಸಿದಳು. ಗರಗಸದ ಹಳೆಯ ಬ್ಲೇಡನ್ನು ತಿಕ್ಕಿ ಉಳಿ ಮಾಡಿಕೊಂಡಳು. ಫಟಫಟಿಯ ಕ್ಲಚ್ ವಾಯರಿನ ಎಳೆ ಬಿಡಿಸಿ ತಂತಿ ಹೂಡಿದಳು. ಬೇಲಿಗೆ ಸೋರೆಬಳ್ಳಿ ಹಬ್ಬಿಸಿ, ಬಲಿತ ಕಾಯಿಗಳನ್ನು ಜಂತಿಗೆ ಕಟ್ಟಿ, ವರ್ಷ ತುಂಬುವ ತನಕ ಉಳಿ ಮುಟ್ಟಿಸಲಿಲ್ಲ. ಕುಣಿಕೋಣೂರಿನಿಂದ, ಜತ್ತದಿಂದ ಮುರುಕು ತಂಬೂರಿಗಳು ಅವಳ ಗಿರಣಿಯ ಕಟ್ಟೆಗೆ ಬರತೊಡಗಿದವು. ಯಾರ ಕೈಯಿಂದಲೂ ದುಡ್ಡು ಮುಟ್ಟಲಿಲ್ಲ. “ಗಿರಣಿ ನನ್ನ ಧಂದೆ, ಇದು ನನ್ನ ಚಟ. ಚಟಕ್ಕ ಯಾರರ ರೊಕ್ಕ ತಗೋತಾರೇನು?” ಎನ್ನುತ್ತಿದ್ದಳು.

ದುಡ್ಡಿನ ಬದಲು ಅವಳು ವಸೂಲು ಮಾಡುತ್ತಿದ್ದುದು ಶಿಸ್ತನ್ನು. ಬುರುಡೆಯ ಒಳಹೊಟ್ಟೆ ತೊಳೆದ ಗಡಿಗೆಯಂತೆ ಇರಬೇಕು. “ಒಂದ ಬೀಜ ಉಳದ್ರೂ ನಾದಕ್ಕ ಸೂತಕ” ಎಂಬುದು ಅವಳ ಕಟ್ಟಳೆ. ತಂಬೂರಿಯಲ್ಲಿ ಅಡಿಕೆ ಚೂರು ಬೀಳಿಸಿಕೊಂಡು ಬಂದ ಅಪ್ಪಾಸಾಬನಿಗೆ, ವಯಸ್ಸನ್ನೂ ನೋಡದೆ, ನಾಲ್ಕು ಮಂದಿಯ ಎದುರು ಛೀಮಾರಿ ಹಾಕಿದ್ದಳು. ಸೋಮನಿಂಗಪ್ಪ ಅಂದು ಮೂಲೆಯಲ್ಲಿ ಕುಳಿತು ತಲೆ ತಗ್ಗಿಸಿ ನಕ್ಕಿದ್ದ. ಆ ನಗೆಯಲ್ಲಿ ಏನೋ ಇತ್ತೆಂದು ಅವಳಿಗೆ ಹೊಳೆದದ್ದು ಬಹಳ ತಡವಾಗಿ.

ಎರಡು ವರ್ಷಗಳ ಹಿಂದೆ, ಕುಣಿಕೋಣೂರಿನ ಭಜನೆಗೆಂದು ಹೊರಟ ಸೋಮನಿಂಗಪ್ಪ ಊರ ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕುಸಿದ. ಬಗಲಲ್ಲಿದ್ದ ತಂಬೂರಿ ಅವನ ಮೈಭಾರಕ್ಕೆ ಸೀಳಿತು. ಇಬ್ಬರನ್ನೂ ಒಂದೇ ಜೀಪಿನಲ್ಲಿ ಮನೆಗೆ ತಂದರು. ಅವನನ್ನು ಮಣ್ಣು ಮಾಡಿ ಬಂದ ಮೇಲೆ ಸಾವಿತ್ರೆವ್ವ ತಂಬೂರಿಗೆ ಹಳೆಯ ಸೀರೆ ಸುತ್ತಿ ಗೂಟಕ್ಕೆ ತೂಗುಹಾಕಿದಳು. ಆ ದಿನದಿಂದ ಯಾರ ತಂಬೂರಿಯನ್ನೂ ಮುಟ್ಟಲಿಲ್ಲ. ಉಳಿಗೆ ತುಕ್ಕು ಹಿಡಿಯಿತು.

ಮನೆಯಲ್ಲಿ ಉಳಿದವರು ಇಬ್ಬರು: ಅವಳು, ಮತ್ತು ಸೋಮನಿಂಗಪ್ಪನ ತಾಯಿ ಸಿದ್ದಲಿಂಗವ್ವ. ಎಂಬತ್ತು ದಾಟಿದ ಮುದುಕಿ. ಕಾಚಬಿಂದು ಆಗಿ ಎರಡೂ ಕಣ್ಣು ಹೋಗಿ ಒಂಬತ್ತು ವರ್ಷ. ಈ ಬೇಸಿಗೆಯಲ್ಲಿ ಅವಳ ಊಟ ಅರ್ಧ ರೊಟ್ಟಿಗೆ ಇಳಿದು, ಆಮೇಲೆ ಕಾಲು ರೊಟ್ಟಿಗೆ ಬಂತು. ಜತ್ತದ ಡಾಕ್ಟರು ವಯಸ್ಸಿಗೆ ಔಷಧವಿಲ್ಲವೆಂದರು. ಒಂದು ಮುಂಜಾನೆ ಮುದುಕಿ ಸೊಸೆಯ ಕೈ ಹುಡುಕಿ ಹಿಡಿದಳು.

“ಸಾವಿತ್ರೀ, ಅವನ ತಂಬೂರಿ ಒಂದ ಸಲ ಮಾಡವ್ವ. ಹೋಗೂದ್ರಾಗ ಒಂದ ಸಲ ಕೇಳ್ತೀನಿ.”

“ಆತ್ರಿ ಅತ್ತಿ.”

“ಲಗೂನ ಮಾಡು. ನಂದೇನೂ ಭರೋಸಾ ಇಲ್ಲ.”

ಸಾವಿತ್ರೆವ್ವ ಗೂಟದಿಂದ ತಂಬೂರಿ ಇಳಿಸಿದಳು. ಕರೆಂಟು ಇರುವಷ್ಟು ಹೊತ್ತು ಬೀಸುವುದು, ಹೋದೊಡನೆ ತಂಬೂರಿ ಹಿಡಿದು ಕೂಡುವುದು. ಹೀಗೆ ಹದಿನೆಂಟು ದಿನ. ತನ್ನ ಕೈಯಿಂದ ಆದ ಕೆಲಸಗಳಲ್ಲೆಲ್ಲ ಇದೇ ಶ್ರೇಷ್ಠವಾಗಬೇಕೆಂದು ಹಟ ತೊಟ್ಟಿದ್ದಳು. ಮೇಲಿನ ಹಲಗೆಯನ್ನು ಬಿಸಿ ಅರಿವೆಯಿಂದ ಮೆತ್ತಗೆ ಮಾಡಿ ಬಿಚ್ಚಿದಾಗ ಒಳಗೆ ಬೀಜಗಳು ಕಂಡವು. ಸೋರೆಯ ಹಳೆಯ ಬೀಜಗಳು, ಒಣಗಿ ಬೆಂಡಾಗಿದ್ದವು, ಎಷ್ಟೋ ಒಡೆದಿದ್ದವು. ಬುರುಡೆಯ ಬೆನ್ನಿನಲ್ಲಿ ಮೇಣ ತುಂಬಿದ ಒಂದು ತೂತೂ ಇತ್ತು.

ಹತ್ತು ವರ್ಷಗಳ ಹಿಂದೆ ಈ ಬುರುಡೆಯನ್ನು ಕೆರೆದು ತೊಳೆದವಳು ತಾನೇ. ಇಷ್ಟು ಬೀಜ ಬಿಟ್ಟಿದ್ದೆನೇ? ತೂತಿಗೆ ಇಂಥ ಹರಕು ತೇಪೆ ಹಾಕಿದ್ದೆನೇ? ನೋಡುವವರು ಯಾರೂ ಇರದಿದ್ದರೂ ಅವಳ ಮುಖ ಕೆಂಪಾಯಿತು. ಬೀಜಗಳನ್ನು ಗಡಿಬಿಡಿಯಿಂದ ಬಳಿದು, ಪಕ್ಕದ ಯಮನವ್ವನ ಕೋಳಿಗಳ ಮುಂದೆ ಚೆಲ್ಲಿದಳು. ಮೇಣ ಕಿತ್ತು ತೂತಿಗೆ ಜಾಲಿಯ ಬೆಣೆ ಬಡಿದಳು. ಒಳಹೊಟ್ಟೆಯನ್ನು ಮೂರು ಸಲ ಒರೆಸಿದಳು.

ಹತ್ತೊಂಬತ್ತನೆಯ ದಿನ ಬೇವಿನ ನೆರಳಿನ ಹೊರಸಿನ ಮೇಲೆ ಅತ್ತೆಯನ್ನು ಕೂಡಿಸಿ, ದಂಡಿಗೆ ದವಡೆ ಒತ್ತಿ ಶ್ರುತಿ ಮಾಡಿ, ಸಾವಿತ್ರೆವ್ವ ತಂತಿ ಮೀಟಿದಳು. ನಾದ ಎಲುಬಿನೊಳಗೆ ತುಂಬಿ ಹರಿಯಿತು. ಇಷ್ಟು ಶುದ್ಧವಾಗಿ ಇದು ಗಂಡನ ಕೈಯಲ್ಲೂ ನುಡಿದಿರಲಿಲ್ಲ. ಅವಳು ಕಣ್ಣು ತೆರೆದು ಅತ್ತೆಯ ಮುಖ ನೋಡಿದಳು.

“ಚಲೋ ನುಡಿತೈತಿ,” ಎಂದಳು ಸಿದ್ದಲಿಂಗವ್ವ. ಹೊರಸಿನ ಅಂಚು ತಡವಿ, “ಆದ್ರ ಅವ ಬರ್ಲಿಲ್ಲಲ್ಲವ್ವ,” ಎಂದಳು.

“ಹಂಗಂದ್ರ?”

“ಬೀಜದ ಸಪ್ಪಳ ಇಲ್ಲಲ್ಲ. ತಂತಿ ತಗೊಂಡು ನಾ ಏನ್ ಮಾಡ್ಲಿ?”

ಆಗ ಮುದುಕಿ ಹೇಳಿದಳು. ಕಣ್ಣು ಹೋದ ಹೊಸತರಲ್ಲಿ ಮಗ ಭಜನೆಯಿಂದ ಬಂದು ಸದ್ದಿಲ್ಲದೆ ಹತ್ತಿರ ಕುಳಿತರೆ ಅವಳು ಬೆಚ್ಚಿ ಬೀಳುತ್ತಿದ್ದಳು. ಅದಕ್ಕೆ ಸೋಮನಿಂಗಪ್ಪ ಬುರುಡೆಗೆ ತೂತು ಕೊರೆದು, ಬೇಲಿಯ ಸೋರೆಯ ಬೀಜಗಳನ್ನು ಒಳಗೆ ಬಿಟ್ಟು, ಮೇಣ ಮೆತ್ತಿದ. ಅಗಸೆಬಾಗಿಲು ದಾಟಿದೊಡನೆ ಹೆಜ್ಜೆಗೊಮ್ಮೆ ಸರ್ ಸರ್ ಎಂದು ಸಪ್ಪಳ. ಮಗ ಬಂದನೆಂದು ಅವಳು ಹೊರಸಿನ ಮೇಲೆ ಜಾಗ ಬಿಡುತ್ತಿದ್ದಳು. ಏಳು ವರ್ಷ ಹೀಗೆ ನಡೆದಿತ್ತು.

“ನನಗ್ಯಾಕ ಹೇಳಲಿಲ್ರಿ?”

“ಅವನೇ ಬ್ಯಾಡ ಅಂದಿದ್ದ. ವಾದ್ಯ ಕೆಡಿಸಿದಿ ಅಂತ ನೀ ಬೈತಿ ಅಂತ ಅಂಜಿಕಿ ಅವಗ. ಆದ್ರ ನೀ ಕೇಳೇ ಕೇಳಿರ್ತಿ, ಕೇಳಿ ಸುಮ್ಕ ಇದ್ದಿ ಅಂತ ನಾ ತಿಳ್ಕೊಂಡಿದ್ದೆ. ಒಂದ ಮನ್ಯಾಗ ಇದ್ದು ಕೇಳದಂಗ ಇರಾಕ ಬರತೈತೇನು?”

ಸಾವಿತ್ರೆವ್ವ ತಂಬೂರಿ ಕೆಳಗಿಟ್ಟು ಎದ್ದಳು. ಯಮನವ್ವನ ಅಂಗಳಕ್ಕೆ ಹೋದಳು. ಕೋಳಿಗಳು ನೆಲ ಕೆದರುತ್ತಿದ್ದವು.

“ಏನ್ ಹುಡಕ್ತೀಯಕ್ಕ?” ಎಂದಳು ಯಮನವ್ವ.

“ಬೀಜ. ಅವತ್ತ ಚೆಲ್ಲಿದ್ನಲ್ಲ.”

“ಅಯ್ಯ, ಕೋಳಿ ಬಾಯಾಗಿಂದ ಯಾರರ ತಿರುಗಿ ತಗೊಂಡಾರೇನು?” ಎಂದು ನಗಹೊರಟ ಯಮನವ್ವ, ಅಕ್ಕನ ಮುಖ ನೋಡಿ ನಗೆ ನುಂಗಿಕೊಂಡು, ತಾನೂ ಬಗ್ಗಿ ಹುಡುಕತೊಡಗಿದಳು. ಏನೂ ಸಿಗಲಿಲ್ಲ.

ದಾರಿಯಲ್ಲಿ ಸಿಕ್ಕ ಅಪ್ಪಾಸಾಬನನ್ನು ಕೇಳಿದಳು: ಎಷ್ಟು ಬೀಜ ಇದ್ದವು?

“ಅದನ್ಯಾರು ಎಣಿಸ್ಯಾರವ್ವ? ಸಪ್ಪಳ ಮೇಳಕ್ಕೆಲ್ಲ ಗೊತ್ತಿತ್ತು. ಗಿರಣಿ ಅಕ್ಕಗ ಹೇಳಿದ್ರ ಕಾಲ ಮುರೀತೀನಿ ಅಂದಿದ್ದ ನಿನ್ನ ಗಂಡ,” ಎಂದು ಮುದುಕ ಮೀಸೆಯಲ್ಲಿ ನಕ್ಕು, ಆಮೇಲೆ ರುಮಾಲಿನಿಂದ ಕಣ್ಣೊರೆಸಿಕೊಂಡ.

ಮರುದಿನದಿಂದ ಸಾವಿತ್ರೆವ್ವನ ಹೊಸ ಕೆಲಸ ಶುರುವಾಯಿತು. ತಾನೇ ಬಡಿದ ಬೆಣೆಯನ್ನು ತಾನೇ ಕೊರೆದು ತೂತು ಮಾಡಿದಳು. ಬೇಲಿಯ ಬಲಿತ ಸೋರೆಕಾಯಿ ಒಡೆದು ಹತ್ತು ಬೀಜ ಹಾಕಿ, ಮೇಣ ಮೆತ್ತಿ, ತಂಬೂರಿಯನ್ನು ಬಗಲಿಗೆ ಹಾಕಿಕೊಂಡು ಅಗಸೆಯಿಂದ ಹೊರಸಿನ ತನಕ ಗಂಡನ ನಡಿಗೆಯಲ್ಲಿ ನಡೆದು ಬಂದಳು. ಅವಳಿಗೆ ತನ್ನ ಮೆಟ್ಟಿನ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.

“ಹಸಿ ಅದಾವ,” ಎಂದಳು ಸಿದ್ದಲಿಂಗವ್ವ.

ಬೀಜಗಳನ್ನು ಮಾಳಿಗೆಯ ಬಿಸಿಲಲ್ಲಿ ನಾಲ್ಕು ದಿನ ಒಣಗಿಸಿ ಮತ್ತೆ ನಡೆದಳು.

“ಭಾಳ ಆದ್ವು. ಅವ ಇಷ್ಟ ಗದ್ದಲ ಮಾಡ್ತಿದ್ದಿಲ್ಲ.”

ಕಡಿಮೆ ಮಾಡಿದಳು, ಅತ್ತೆ ಸಾಲದೆಂದಳು. ಒಡೆದ ಬೀಜ ಸೇರಿಸಿದಳು. ಹತ್ತಿರ ಬಂತು, ಆದರೆ ಅಲ್ಲ ಎಂದಳು ಮುದುಕಿ. ತಾನು ಕೇಳಲಾರದ ಸಪ್ಪಳವೊಂದನ್ನು, ಅತ್ತೆಯ ಹಣೆಯ ಗೆರೆಗಳನ್ನು ಓದಿ ಓದಿ, ಸಾವಿತ್ರೆವ್ವ ಶ್ರುತಿ ಮಾಡುತ್ತಿದ್ದಳು. ಮೂವತ್ತು ವರ್ಷ ಮಗ್ಗುಲಲ್ಲಿದ್ದ ಗಂಡನ ಬರವು ಅಂಗಳದ ಕುರುಡಿಗೆ ಗೊತ್ತಿತ್ತು, ಮೇಳಕ್ಕೆ ಗೊತ್ತಿತ್ತು, ದಾರಿಯ ನಾಯಿಗೂ ಗೊತ್ತಿದ್ದೀತು. ತನಗೊಬ್ಬಳಿಗೆ ಅವನು ಪ್ರತಿದಿನವೂ ಸದ್ದಿಲ್ಲದೆ ಬಂದಿದ್ದ.

ಅತ್ತೆ ಈಗ ರೊಟ್ಟಿ ಬಿಟ್ಟು ಗಂಜಿಗೆ ಬಂದಿದ್ದಳು. ಒಂದು ಮಧ್ಯಾಹ್ನ ಸಾವಿತ್ರೆವ್ವ ಬೀಜಗಳನ್ನೆಲ್ಲ ಹೊರಗೆ ಸುರಿದು, ಒಡೆದವನ್ನು ಬೇರೆ ಆರಿಸುತ್ತ ಕುಳಿತಿದ್ದಾಗ ಕರೆಂಟು ಬಂತು. ಜೋಳದ ಬುಟ್ಟಿ ಹೊತ್ತು ಕಾಯುತ್ತಿದ್ದವರು ಕೂಗಿದರು. ಬೀಜಗಳನ್ನು ಸೆರಗಿನ ತುದಿಗೆ ಗಂಟು ಹಾಕಿ, ತೂತಿಗೆ ಮೇಣ ಒತ್ತಿ, ಗಿರಣಿಗೆ ಓಡಿದಳು. ಬೀಸಿ ಮುಗಿಯುವಷ್ಟರಲ್ಲಿ ಬಿಸಿಲು ಇಳಿದಿತ್ತು. ಹೊರಸಿನಿಂದ ಅತ್ತೆ ಕೈ ಎತ್ತಿ ಕರೆಯುತ್ತಿದ್ದಳು. ಸಾವಿತ್ರೆವ್ವ ಹಿಟ್ಟು ಮೆತ್ತಿದ ಕೈಯಿಂದಲೇ ತಂಬೂರಿಯನ್ನು ಬಗಲಿಗೇರಿಸಿ, ಅಗಸೆಗೆ ಹೋಗಿ ತಿರುಗಿ ಬಂದಳು.

ಸಿದ್ದಲಿಂಗವ್ವನ ಹಣೆಯ ಗೆರೆಗಳು ಸಡಿಲಾದವು. ತೊಗಲು ಎಲುಬು ಒಂದಾದ ಆ ಮೈಯನ್ನು ಅವಳು ಕಷ್ಟಪಟ್ಟು ಒಂದಿಷ್ಟು ಸರಿಸಿ, ಹೊರಸಿನ ಅಂಚಿನಲ್ಲಿ ಒಬ್ಬರು ಕೂಡುವಷ್ಟು ಜಾಗ ಬಿಟ್ಟಳು.

“ಬಂದ,” ಎಂದಳು. “ಇದ ನೋಡು ಸಪ್ಪಳ. ಈಗ ಬಂದ.”

ಸಾವಿತ್ರೆವ್ವ ಆ ಜಾಗದಲ್ಲಿ ಕುಳಿತಳು. ಕೂಡುವಾಗ ಸೆರಗು ತೊಡೆಯ ಮೇಲೆ ಬಿತ್ತು. ತುದಿಯ ಗಂಟು ಕೈಗೆ ತಾಗಿತು. ಬೆರಳಿನಿಂದ ಒತ್ತಿ ನೋಡಿದಳು. ಬೀಜಗಳೆಲ್ಲ ಅಲ್ಲೇ ಇದ್ದವು.

ಅತ್ತೆ ಅವಳ ಮಣಿಕಟ್ಟು ಹಿಡಿದು ಕೇಳಿದಳು: “ನಿನಗೂ ಕೇಳಸ್ತಲ್ಲ?”

ಸಾವಿತ್ರೆವ್ವ ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

“ಕೇಳಸ್ತ್ರಿ ಅತ್ತಿ,” ಎಂದಳು. “ಚಲೋ ಕೇಳಸ್ತು.”