ಪಡಸಾಲೆಯ ಸಾಹೇಬ

ಆತನ ಮೂಗಿನ ಚರ್ಮ ಬೇಸಿಗೆಯುದ್ದಕ್ಕೂ ಸುಲಿಯುತ್ತಲೇ ಇರುತ್ತಿತ್ತು. ಒಂದು ಪದರ ಉದುರಿ ಒಳಗಿನ ಗುಲಾಬಿ ಬಣ್ಣ ಕಾಣುವಷ್ಟರಲ್ಲಿ ಮುದ್ದೇಬಿಹಾಳದ ಬಿಸಿಲು ಅದನ್ನೂ ಸುಟ್ಟುಬಿಡುತ್ತಿತ್ತು. ನಮ್ಮತ್ತೆ ನೋಡಲಾರದೆ ಬಟ್ಟಲಲ್ಲಿ ಬೆಣ್ಣೆ ಕಳಿಸುತ್ತಿದ್ದರು. ಆತ ಅದನ್ನು ಮೂಗಿಗೆ ಹಚ್ಚದೆ ರೊಟ್ಟಿಗೆ ಹಚ್ಚಿಕೊಂಡು ತಿಂದು, ಬಟ್ಟಲು ತೊಳೆದು ವಾಪಸು ಕಳಿಸುತ್ತಿದ್ದ.

ಎಪ್ಪತ್ತರ ದಶಕದ ಆ ದೊಡ್ಡ ಬರದ ಬೆನ್ನಿಗೇ ಕೊಳವೆಬಾವಿ ಕೊರೆಯುವ ಯಂತ್ರದ ಜೊತೆ ಐರ್ಲೆಂಡಿನಿಂದ ಬಂದವನು. ಊರವರಿಗೆಲ್ಲ ಬೋರಿನ ಸಾಹೇಬ. ನಮ್ಮ ಮನೆಯ ಹೊರಗೋಣೆಯನ್ನು ಬಾಡಿಗೆಗೆ ಹಿಡಿದಿದ್ದ. ನಾನಾಗ ಹೊಸ ಸೊಸೆ. ವಾರವೆಲ್ಲ ಸಿಂದಗಿ, ಇಂಡಿ, ಬಾಗೇವಾಡಿ ಕಡೆಯ ಹಳ್ಳಿ ಹಳ್ಳಿ ಅಲೆದು, ಹುಬ್ಬಿನ ಮೇಲೂ ಕಲ್ಲಿನ ಪುಡಿ ಹೊತ್ತುಕೊಂಡು ಬರುತ್ತಿದ್ದ. ನಮ್ಮ ಮಾತನ್ನು ನಮ್ಮವರಿಂದ, ಅಂದರೆ ನನ್ನ ಗಂಡನಿಂದಲೇ, ಕಲಿತುಬಿಟ್ಟಿದ್ದ.

ಆತನಿಗೆ ಕುಡಿತ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಜೊತೆಗೆ ಜನ ಬೇಕಿತ್ತು. ಬಂದ ಹೊಸದರಲ್ಲಿ ಶನಿವಾರ ಕರೆದರೆ ಓಣಿಯವರು ಹನುಮಪ್ಪನ ವಾರ ಎಂದರು, ಸೋಮವಾರ ಕರೆದರೆ ಬಸವಣ್ಣನ ವಾರ ಎಂದರು. ಕಡೆಗೆ ಆತ ನಮ್ಮವರಿಗೆ, "ನಿಮ್ಮ ದೇವರೆಲ್ಲಾ ಒಂದೊಂದು ವಾರ ಹಿಡದು ಕುಂತಾರ. ನನಗ ಐತವಾರ ಒಂದರೇ ಬಿಡ್ರಿ" ಎಂದ. ಹಾಗೆ ಭಾನುವಾರ ಗಟ್ಟಿಯಾಯಿತು. ಎದುರುಮನೆಯ ಟೇಲರ್, ಕಾಳಿನ ಅಡತಿ ಅಂಗಡಿಯ ಗೌಡರು, ನಮ್ಮವರು, ಇಷ್ಟು ಜನ ಸಂಜೆ ಆತನ ಕೋಣೆ ಸೇರುತ್ತಿದ್ದರು. ಕೊಡದಲ್ಲಿ ಈಚಲ ಮರದ ಸಿಂದಿ ಬರುತ್ತಿತ್ತು. ನಮ್ಮವರು ಇಂಡಿಯ ಲಿಂಬೆಹಣ್ಣು ಹಿಂಡಿದ ಸೋಡಾ ಮಾತ್ರ ಕುಡಿಯುತ್ತಿದ್ದರು, ಎಲ್ಲರಿಗಿಂತ ಹೆಚ್ಚು ತೂರಾಡುತ್ತಿದ್ದವರು ಮಾತ್ರ ಅವರೇ.

ಕೊಡದಲ್ಲೇನು ಎಂದು ಅತ್ತೆ ಕೇಳಿದಾಗ ಟೇಲರ್, ಸಾಹೇಬನ ಕೆಮ್ಮಿಗೆ ಔಷಧ ಎಂದಿದ್ದ.

"ಅಂವ ಒಬ್ಬಾಂವ ಕೆಮ್ಮಿದ್ರ ಓಣಿ ಎಲ್ಲಾ ಔಷಧ ಕುಡೀತೈತೇನು?" ಎಂದರು ಅತ್ತೆ.

ಸಾಹೇಬ ಒಳಗಿನಿಂದಲೇ ಜೋರಾಗಿ ಕೆಮ್ಮಿ ತೋರಿಸಿದ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಒಮ್ಮೆ ಆತ ಬೀದಿಯಲ್ಲಿ ನಿಂತ ಎಮ್ಮೆಗೆ ಕೈಮುಗಿದು, "ಆರಾಮ ಅದೀರಿಲ್ರಿ?" ಎಂದು ಕೇಳಿ, ಅದು ಉತ್ತರ ಕೊಡುವವರೆಗೂ ಕಾಯ್ದದ್ದನ್ನು ಓಣಿಯವರು ವರ್ಷಗಟ್ಟಲೆ ಹೇಳಿಕೊಂಡು ನಕ್ಕರು.

ಆದರೆ ಅತ್ತೆಯ ನಗು ಹೊಸ್ತಿಲ ಹೊರಗಿನದು. ಆತನ ಲೋಟವನ್ನು ಬೇರೆಯೇ ಇಟ್ಟಿದ್ದರು. ಹಬ್ಬ ಬಂದಾಗಲೆಲ್ಲ ಆತ ಒಗೆದ ಅಂಗಿ ತೊಟ್ಟು, ತಲೆ ಬಾಚಿಕೊಂಡು ಬಂದು ಪಡಸಾಲೆಯಲ್ಲಿ ನಿಂತು, "ಆಯಿ, ಒಳಗ ಬರ್ಲ್ಯಾ?" ಎನ್ನುತ್ತಿದ್ದ. "ಅಲ್ಲೇ ಕೂಡಪಾ, ಅಲ್ಲಿಗೇ ಕಳಸ್ತೇನಿ" ಎನ್ನುತ್ತಿದ್ದರು ಅತ್ತೆ. ಆತ ಅಲ್ಲೇ ಕೂತು, ನಡುಮನೆಯಲ್ಲಿ ಸಾಲಾಗಿ ಉಣ್ಣುವವರನ್ನು ಬಾಗಿಲಿನಿಂದ ನೋಡುತ್ತ ಹೋಳಿಗೆ ತಿನ್ನುತ್ತಿದ್ದ. ಗೌಡರ ಮನೆಯಲ್ಲೂ ಅಷ್ಟೇ, ಟೇಲರನ ಮನೆಯಲ್ಲೂ ಅಷ್ಟೇ. ಅಷ್ಟು ಗೆಳೆಯರಿದ್ದೂ ಒಂದು ಮನೆಯ ಒಳಗೂ ಆತನಿಗೆ ಎಲೆ ಬೀಳಲಿಲ್ಲ. ಬಡಿಸುವ ನನಗೆ ಅದು ನೋಡಲಾಗುತ್ತಿರಲಿಲ್ಲ. ಅತ್ತೆಗೆ ಎದುರಾಡುವ ಧೈರ್ಯವೂ ಇರಲಿಲ್ಲ.

ಒಂದು ಭಾನುವಾರ ಸಂಜೆ ಆ ಕೋಣೆಯಿಂದ ಎಂದೂ ಕೇಳದಂಥ ನಗು ಕೇಳಿಸಿತು. ಸಾಹೇಬ ತನ್ನ ತಾಯಿಯ ಕಥೆಗಳನ್ನು ಹೇಳುತ್ತಿದ್ದ. ಆಕೆ ಗಂಡನ ವಿಸ್ಕಿ ಬಾಟಲಿಯನ್ನು ಸಿಟ್ಟಿನಿಂದ ಬಾವಿಗೆ ಎಸೆದಿದ್ದಳಂತೆ. ಮರುದಿನ ತನಗೇ ನೆಗಡಿಯಾದಾಗ ಔಷಧಕ್ಕೆಂದು ಅದೇ ಗಂಡನನ್ನು ಬಾವಿಗೆ ಇಳಿಸಿ ತರಿಸಿಕೊಂಡಳಂತೆ. ಗೌಡರು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. ನಾನೂ ಬಾಗಿಲ ಮರೆಯಲ್ಲಿ ನಿಂತು ನಕ್ಕೆ. ಏಳುವಾಗ ನಮ್ಮವರು, "ಊರಿಗೆ ಹೋದಾಗ ನಿಮ್ಮವ್ವಗ ನಮ್ಮ ಶರಣು ಹೇಳ್ರಿ ಸಾಹೇಬ್ರ" ಎಂದರು.

"ಅವ್ವ ಇಲ್ರಿ. ಶುಕ್ರವಾರ ಹ್ವಾದ್ಲು. ಊರಿಂದ ತಾರು ಬಂದೈತಿ."

ಎದ್ದವರು ಮತ್ತೆ ಕೂತರು. ಆತನೇ ಬಿಡಿಸಿ ಹೇಳಿದ. ಅವರ ಕಡೆ ಸತ್ತವರಿದ್ದರೆ ನೆರೆಯವರೆಲ್ಲ ಕೂಡಿ ಕುಡಿಯುತ್ತಾರಂತೆ, ಹೋದವರನ್ನು ನೆನೆದು ನಗುತ್ತಾರಂತೆ. "ಅಲ್ಲಿ ಹೋಗಾಕ ಆಗಲಿಲ್ಲ. ಅದಕ್ಕ ನಿಮ್ಮನ್ನ ಕರದೆ. ಚಂದ ನಕ್ಕಿರಿ. ಉಪಕಾರ ಆತು" ಎಂದ. ಟೇಲರ್ ಎರಡೂ ಕೈಯಿಂದ ತನ್ನ ಬಾಯಿಯನ್ನೇ ಹೊಡೆದುಕೊಂಡ, ಸಾವಿನ ಮನೆಯಲ್ಲಿ ನಕ್ಕೆನಲ್ಲ ಎಂದು.

ಬೆಳಗಾಗುತ್ತಲೇ ಅತ್ತೆ ರೊಟ್ಟಿ, ಝುಣಕ, ಮೊಸರು ಬಟ್ಟೆಯಲ್ಲಿ ಕಟ್ಟಿಕೊಂಡು, ನನ್ನನ್ನೂ ಕರೆದುಕೊಂಡು ಆತನ ಕೋಣೆಗೆ ಹೋದರು. ಹಿಂದೆಯೇ ಟೇಲರನ ಹೆಂಡತಿ ಬಂದಳು, ಗೌಡರ ಮನೆಯವರು ಬಂದರು. ಮೇಜಿನ ಮೇಲೆ ಗಂಟುಗಳಿಗೆ ಜಾಗ ಸಾಲದಾಯಿತು.

"ಯಕ್ಕಾ, ಇದೆಲ್ಲಾ ಯಾಕ?" ಎಂದು ಆತ ನನ್ನನ್ನು ಕೇಳಿದ.

"ಯಾರರೇ ತೀರಿಕೊಂಡ್ರ ಆ ಮನ್ಯಾಗ ಒಲಿ ಹಚ್ಚಂಗಿಲ್ರಿ. ಓಣಿಯವರು ಬುತ್ತಿ ತರ್ತಾರ."

"ಅಂದ್ರ ಇದು ಮನಿ? ನನ್ನ ಮನಿ?"

"ಮತ್ತೇನು ಧರ್ಮಶಾಲೇನು? ಉಣ್ಣು" ಎಂದು ಅತ್ತೆ ಗದರಿಸಿ ತಾವೇ ಮೊದಲ ತುತ್ತು ಆತನ ಬಾಯಿಗಿಟ್ಟರು. ಅಲ್ಲಿಯವರೆಗೆ ನಗುತ್ತಲೇ ಇದ್ದ ಆ ದೊಡ್ಡ ಮೈಯ ಮನುಷ್ಯ ತುತ್ತು ಬಾಯಲ್ಲಿಟ್ಟುಕೊಂಡೇ ಮಗುವಿನ ಹಾಗೆ ಅತ್ತುಬಿಟ್ಟ.

ಅದಾದ ಮೇಲೂ ಹಬ್ಬದ ಊಟ ಪಡಸಾಲೆಗೇ ಹೋಗುತ್ತಿತ್ತು. ಅತ್ತೆ ಕೆಟ್ಟವರಲ್ಲ, ಅವರಿಗೆ ಅವರತ್ತೆ ಕಲಿಸಿದ್ದು ಅಷ್ಟು. ಮುಂದೆ ಇಲ್ಲಿಯ ಕೆಲಸ ಮುಗಿದು ಆತನನ್ನು ಆಫ್ರಿಕಾದ ಕಡೆ ಕಳಿಸಿದರು. ಹೊರಡುವ ದಿನವೂ ಪಡಸಾಲೆಯಲ್ಲೇ ನಿಂತು ಅತ್ತೆಯ ಕಾಲಿಗೆ ನಮಸ್ಕರಿಸಿದ. ಅತ್ತೆ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಜೀಪಿನವನು ಅವಸರ ಮಾಡಿದ.

ಮುಂದಿನ ಬೇಸಿಗೆಯಲ್ಲಿ ಯಂತ್ರದ ಕಡೆಯ ಹೊಸ ಮನುಷ್ಯನೊಬ್ಬ ಬಂದು, ಸಾಹೇಬ ಅಲ್ಲಿ ಜ್ವರದಿಂದ ತೀರಿಕೊಂಡು ತಿಂಗಳುಗಳೇ ಆದವು ಎಂದು ಹೇಳಿ ಹೋದ. ಅತ್ತೆ ಆಗ ರೊಟ್ಟಿ ಬಡಿಯುತ್ತಿದ್ದರು. ಹಂಚನ್ನು ಕೆಳಗಿಳಿಸಿ ಉರಿಯುವ ಒಲೆಗೆ ನೀರು ಸುರಿದರು.

"ಯಾಕ್ರಿ ಅತ್ತಿ?"

"ಮನೀ ಮಗಾ ಹೋಗ್ಯಾನ. ಒಲಿ ಹಚ್ಚತಾರೇನ?"

ಸುದ್ದಿ ಓಣಿಗೆ ಹಬ್ಬಿತು. ಮಧ್ಯಾಹ್ನ ಟೇಲರನ ಹೆಂಡತಿ ನಮ್ಮ ಮನೆಗೆ ಬುತ್ತಿ ತಂದಳು. ಒಳಗೆ ಬಡಿಸಲು ನಾನು ತಾಟು ಹಾಕಿದ್ದೆ. ಅತ್ತೆ ಆ ತಾಟನ್ನು ಎತ್ತಿಕೊಂಡು ಪಡಸಾಲೆಗೆ ಬಂದರು. ಆತ ಕೂಡುತ್ತಿದ್ದಲ್ಲಿ ನೆಲದ ಮೇಲೆ ಕೂತು, ನಡುಮನೆಯ ಕಡೆ ಮುಖ ಮಾಡಿ, ಅಳುತ್ತ ಉಂಡರು.