ಮೊದಲು ಕತ್ತು, ಆಮೇಲೆ ಮೈ

ಕನ್ನಡ ಸಂಘದ ಸಮಿತಿಯವರೇ, ಆಂಟಿ ನಂಬಿ ಕೊಟ್ಟ ಮರದ ಬಾತುಗಳನ್ನು ಪೆಟ್ಟಿಗೆಯಿಂದ ತೆಗೆದು ಕಸದ ಚೀಲಕ್ಕೆ ತುಂಬಿದವರು ನೀವು. ಹೇಗಿವೆ ಎಂದು ಕೇಳಿದಾಗಲೆಲ್ಲ, ಹೋಗಿ ನೋಡದೆಯೇ ಉತ್ತರ ಕೊಟ್ಟವರೂ ನೀವೇ. ಈಗ ಸಂಘದ ಸ್ಮರಣ ಸಂಚಿಕೆಗಾಗಿ ಆಂಟಿಯವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ನನ್ನನ್ನು ಕೇಳಿದ್ದೀರಿ. ಬರೆಯುತ್ತಿದ್ದೇನೆ. ಒಳ್ಳೆಯ ಮಾತುಗಳನ್ನು ಅಚ್ಚು ಮಾಡುವವರು ಮೇಲಿನ ಮಾತುಗಳನ್ನೂ ಅಚ್ಚು ಮಾಡಬೇಕು.

ಆಂಟಿಯವರನ್ನು ನೆನೆದರೆ ಮೊದಲು ಕಾಣುವುದು ಅವರ ಎಡಗೈ. ಏನನ್ನು ಎತ್ತಿಕೊಂಡರೂ ಆ ಅಂಗೈ ತಾನಾಗಿ ಬಟ್ಟಲಿನಂತೆ ಬಾಗಿ ವಸ್ತುವಿನ ಕತ್ತಿನ ಕೆಳಗೆ ಹೋಗುತ್ತಿತ್ತು. ಎಣ್ಣೆಯ ಬಾಟಲಿಯನ್ನೂ ಸೋರೆಕಾಯಿಯನ್ನೂ ಹಸುಗೂಸಿನಂತೆ ಹಿಡಿಯುತ್ತಿದ್ದರು. ಮೈಸೂರಿನ ತವರುಮನೆಯಲ್ಲಿ ದಸರಾ ಗೊಂಬೆಗಳನ್ನು ಸುತ್ತಿ ಪೆಟ್ಟಿಗೆಗೆ ಸೇರಿಸುವ ಕೆಲಸ ಚಿಕ್ಕಂದಿನಿಂದ ಅವರದೇ. ಆ ಅಭ್ಯಾಸ ಕೈಯಲ್ಲಿ ಉಳಿದುಬಿಟ್ಟಿತ್ತು. ಇಲ್ಲಿ ಐರ್ಲೆಂಡಿನ ರಿಂಗಾಸ್ಕಿಡಿಯ ಔಷಧ ಕಾರ್ಖಾನೆಯೊಂದರಲ್ಲಿ ಕೆಲಸ, ಹತ್ತಿರದ ಊರೊಂದರಲ್ಲಿ ಒಂಟಿ ಮನೆವಾರ್ತೆ. ಸ್ನಾತಕೋತ್ತರ ಪದವಿಗೆ ಬಂದ ನನಗೆ ಅವರ ಮನೆಯ ಮೇಲಿನ ಕೋಣೆ ಬಾಡಿಗೆಗೆ ಸಿಕ್ಕಿತು. ಮೊದಲ ದಿನ ಬಾಗಿಲು ತೆರೆದವರು ನನ್ನ ಮುಖ ನೋಡಲಿಲ್ಲ, ಸೂಟ್‌ಕೇಸ್ ನೋಡಿದರು.

"ಒಳಗೆ ಗಾಜಿಂದೇನಾದ್ರೂ ಇದ್ಯಾ? ಮೆಟ್ಲ ಮೇಲೆ ದರದರ ಎಳೀಬೇಡ ಕಣೇ."

ಪಕ್ಕದ ಮನೆಯಲ್ಲಿ ಐರಿಷ್ ಅಜ್ಜರೊಬ್ಬರಿದ್ದರು, ಬೇಟೆಗಾರರು. ಅವರ ತಂದೆ ಕೆತ್ತಿ ಬಣ್ಣ ಹಚ್ಚಿದ ಒಂದು ಡಜನ್ ಮರದ ಬಾತುಗಳು ಅವರಲ್ಲಿದ್ದವು. ಅವನ್ನು ಕೆರೆಯಲ್ಲಿ ತೇಲಿಬಿಟ್ಟರೆ ಆಕಾಶದಲ್ಲಿ ಹಾರುವ ನಿಜವಾದ ಬಾತುಗಳು ತಮ್ಮವರೆಂದು ನಂಬಿ ಇಳಿಯುತ್ತವೆ. ಜೊಂಡಿನ ಮರೆಯಲ್ಲಿ ಕೋವಿ ಕಾದಿರುತ್ತದೆ. ಮೊಟ್ಟೆಯನ್ನೂ ಮುಟ್ಟದ ಆಂಟಿಗೆ ಈ ವ್ಯವಹಾರವೇ ಸಹ್ಯವಿರಲಿಲ್ಲ. ಆದರೆ ಒಂದು ಬೆಳಿಗ್ಗೆ ಅಜ್ಜ ಆ ಬಾತುಗಳನ್ನು ಗೋಣಿಚೀಲಕ್ಕೆ ತುಂಬಿ ಹೆಗಲಿಗೇರಿಸಿದಾಗ, ಒಳಗೆ ಕೊಕ್ಕಿಗೆ ಕೊಕ್ಕು ಬಡಿಯುವ ಸದ್ದು ಕೇಳಿ, ಒಲೆ ಆರಿಸಿ ಹೊರಗೆ ಓಡಿದರಂತೆ. "ಮರದವು, ಮಿಸ್ಸಸ್, ಅವಕ್ಕೆ ನೋಯುವುದಿಲ್ಲ" ಎಂದು ಅಜ್ಜ ಸಮಾಧಾನ ಹೇಳಿದರೂ ಇವರು ಚೀಲ ಬಿಡಲಿಲ್ಲ.

"ಕೋವಿ ನಿಮ್ದು, ಕತ್ತು ನಂದು ಅಂದ್ಬಿಟ್ಟೆ ಕಣೇ ಇಂಗ್ಲಿಷಲ್ಲಿ. ಪಾಪ, ಹೆದರ್ಕೊಂಡು ಕೊಟ್ಬಿಟ್ರು" ಎಂದು ನನಗೆ ಹೇಳಿ ನಕ್ಕಿದ್ದರು.

ಅಂದಿನಿಂದ ಬಾತುಗಳು ಕೆರೆಗೆ ಹೊರಡುವುದೂ ಮರಳುವುದೂ ಆಂಟಿಯ ಕೈ ದಾಟಿಯೇ. ಹಳೆಯ ಹತ್ತಿ ಸೀರೆಯನ್ನು ಪಟ್ಟಿಗಳಾಗಿ ಹರಿದು ಮೊದಲು ಕತ್ತಿಗೆ ಸುತ್ತುವರು, ಕೊಕ್ಕಿಗೊಂದು ಮಡಿಕೆ ಕೊಡುವರು, ಮೈ ಕೊನೆಗೆ. ತೂಕಕ್ಕೆಂದು ಹೊಟ್ಟೆಯಡಿ ಕಟ್ಟುವ ಸೀಸದ ಗುಂಡು ಪಕ್ಕದ ಬಾತಿನ ಬಣ್ಣ ಕೆರೆಯದಂತೆ ಅದನ್ನು ಕಾಲುಚೀಲದಲ್ಲಿ ಹಾಕಿಡುವರು. ನಾನೊಮ್ಮೆ ಅಂಗಡಿಯಿಂದ ಗುಳ್ಳೆ ಪ್ಲಾಸ್ಟಿಕ್ ತಂದುಕೊಟ್ಟಾಗ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಂದಿರುಗಿಸಿದರು. "ಇದ್ರೊಳಗೆ ಬೆವರ್ತವೆ ಕಣೇ. ಬಣ್ಣ ಪದರ ಪದರ ಎದ್ದು ಬರುತ್ತೆ. ಬೇಕಾದ್ರೆ ನೀನೇ ಸುತ್ಕೊಂಡು ಮಲಗಿ ನೋಡು."

ಒಂದು ದಸರೆಗೆ ಅಜ್ಜನನ್ನು ಕೇಳಿ ಬಾತುಗಳನ್ನು ಗೊಂಬೆಗಳ ಜೊತೆ ಕೂರಿಸಿದರು. ಪಟ್ಟದ ಗೊಂಬೆಗಳು ಮೇಲೆ. ಕೆಳಗೆ ನೆಲದ ಮೇಲೆ ಕನ್ನಡಿ ಮಲಗಿಸಿ ಕೆರೆ ಮಾಡಿ, ಸುತ್ತ ರಾಗಿ ಮೊಳಕೆ ಬೆಳೆಸಿ, ನಡುವೆ ಬಾತುಗಳು. ಆರತಿಯ ಹೊತ್ತಿಗೆ ಅವರ ಬೆರಳಿನಿಂದ ಕುಂಕುಮ ಜಾರಿ ಒಂದು ಬಾತಿನ ಹಸಿರು ತಲೆಯ ಮೇಲೆ ಬಿತ್ತು. ಒರೆಸಿದಷ್ಟೂ ಹರಡಿತು. ಅಪ್ಪ ಕೆತ್ತಿದ್ದು, ಮಗನಿಗೆ ಏನೆಂದು ಹೇಳುವುದು ಎಂದು ಆಂಟಿ ಅಂದು ಊಟವನ್ನೇ ಮಾಡಲಿಲ್ಲ. ಮರುದಿನ ಅಜ್ಜ ಬಂದು ಬಗ್ಗಿ ನೋಡಿ, ಇಷ್ಟು ಕೆಂಪು ತಲೆಯನ್ನು ನೋಡಿ ಯಾವ ಬಾತೂ ಇಳಿಯುವುದಿಲ್ಲ, ಇದಕ್ಕೆ ಇನ್ನು ನಿವೃತ್ತಿ ಎಂದರು. ಆಮೇಲೆ ಬೇಟೆಗೆ ಪ್ಲಾಸ್ಟಿಕ್ ಬಾತುಗಳನ್ನು ಕೊಂಡು, ಮರದವನ್ನೆಲ್ಲ ಆಂಟಿಯ ಪೆಟ್ಟಿಗೆಯಲ್ಲೇ ಬಿಟ್ಟರು: ನಾನು ಕೇಳುವವರೆಗೆ ನೀವೇ ಇಟ್ಟುಕೊಳ್ಳಿ ಎಂದು.

ಅಂದರೆ ಅವು ಆಂಟಿಯವಲ್ಲ. ಇದು ನಿಮಗೆ ಗೊತ್ತಿತ್ತು. ಡಬ್ಲಿನ್‌ನ ನಿಮ್ಮ ದಸರಾ ಪ್ರದರ್ಶನಕ್ಕೆ ಕನ್ನಡಿಯ ಕೆರೆ ಬೇಕೆಂದು ವ್ಯಾನ್ ಕಳಿಸಿದ ದಿನ ನನ್ನೆದುರಿಗೇ ಆಂಟಿ ಅದನ್ನು ಹೇಳಿದರು. ಒಂದು ಬಾತನ್ನು ಬಿಚ್ಚಿ, ಮತ್ತೆ ಸುತ್ತಿ ತೋರಿಸಿದರು. ಬಂದಿದ್ದ ಹುಡುಗ ಫೋನಿನಿಂದ ತಲೆಯೆತ್ತದೆ, "ಟೆನ್ಶನ್ ತಗೋಬೇಡಿ ಆಂಟಿ" ಎಂದ.

"ಬಾತು ನೀನು ತಗೊಂಡು ಹೋಗ್ತೀಯ, ಟೆನ್ಶನ್ ಇಲ್ಲೇ ಬಿಟ್ಟು ಹೋಗ್ತೀಯಲ್ಲಪ್ಪ" ಎಂದರು ಆಂಟಿ. ವ್ಯಾನು ತಿರುವಿನ ಉಬ್ಬು ದಾಟುವವರೆಗೂ ಅವರ ಎಡಗೈ ಗಾಳಿಯಲ್ಲೇ ಬಟ್ಟಲಾಗಿ ನಿಂತಿತ್ತು.

ಹಬ್ಬ ಮುಗಿದ ಮೇಲೆ ನೀವು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದ ವಿಡಿಯೊದಲ್ಲಿ ಕೋಲಾಟದವರ ಹಿಂದೆ, ಗೋಡೆಗೆ ಒರಗಿಸಿದ ಕರಿಯ ಚೀಲಗಳಿದ್ದವು. ಆಂಟಿ ಅಲ್ಲೇ ನಿಲ್ಲಿಸಿ, ಬೆರಳಿಂದ ಹಿಗ್ಗಿಸಿ, ನನ್ನನ್ನು ಕೂಗಿದರು. "ಕೊಕ್ಕು ಕಣೇ ಅದು. ಚೀಲ ತೂತು ಮಾಡ್ಕೊಂಡು ಹೊರಗೆ ಬಂದಿದೆ ನೋಡು." ಕೆಲವೇ ದಿನಗಳಲ್ಲಿ ಪೆಟ್ಟಿಗೆ ಮರಳಿ ಬಂತು. ಒಳಗೆ ಸೀರೆಯ ಪಟ್ಟಿಗಳು ಮಾತ್ರ. ನಿಮ್ಮ ಕಾರ್ಯದರ್ಶಿಗಳು ಫೋನಿನಲ್ಲಿ, "ಮುಂದಿನ ವರ್ಷಕ್ಕೂ ಬೇಕಾಗುತ್ತೆ ಅಂತ ಸ್ಯಾಂಡಿಫರ್ಡ್‌ನ ಸ್ಟೋರೇಜ್‌ನಲ್ಲಿ ಇಟ್ಟಿದೀವಿ ಆಂಟಿ. ಗ್ರ್ಯಾಂಡ್ ಆಗಿವೆ" ಎಂದರು, ಚೆನ್ನಾಗಿವೆ ಎನ್ನಲು ಐರಿಷರು ಬಳಸುವ ಮಾತಿನಲ್ಲೇ.

ಫೋನ್ ಇಟ್ಟ ಆಂಟಿ ಸೀರೆಯ ಪಟ್ಟಿಗಳನ್ನು ಒಂದೊಂದಾಗಿ ಮಡಚಿಟ್ಟರು. ಆಮೇಲೆ ಹೇಳಿದರು: "ನಮ್ಮೂರಲ್ಲಿ ಗ್ರ್ಯಾಂಡ್ ಅಂದ್ರೆ ಮದುವೆ. ಇಲ್ಲಿ ಗ್ರ್ಯಾಂಡ್ ಅಂದ್ರೆ, ಯಾರೂ ಹೋಗಿ ನೋಡಿಲ್ಲ ಅಂತ."

ಚಳಿಗಾಲವಿಡೀ ಅದೇ ಉತ್ತರ ಬಂತು. ಕೀಲಿ ಇದ್ದವರು ಊರಿಗೆ ಹೋಗಿದ್ದಾರೆ, ಮುಂದಿನ ವಾರ ನೋಡೋಣ, ಗ್ರ್ಯಾಂಡ್. ಅಷ್ಟರಲ್ಲಿ ಅಜ್ಜ ಮನೆ ಬಿಟ್ಟು ವಾಟರ್‌ಫರ್ಡ್‌ನ ಮಗಳ ಬಳಿಗೆ ಹೋಗುವುದೆಂದು ತೀರ್ಮಾನವಾಯಿತು. ಬೇಲಿಯಾಚೆಯಿಂದ, ಅಪ್ಪನ ಬಾತುಗಳನ್ನು ಜೊತೆಗೆ ಒಯ್ಯುತ್ತೇನೆ ಎಂದರು. ಆಂಟಿ ತಲೆಯಾಡಿಸಿದರು. ಅಂದಿನಿಂದ, ಅಜ್ಜ ಹಿತ್ತಲಲ್ಲಿ ಇಲ್ಲವೆಂದು ಅಡುಗೆಮನೆಯ ಪರದೆ ಸರಿಸಿ ಖಾತ್ರಿ ಮಾಡಿಕೊಂಡ ಮೇಲೆಯೇ ಒಗೆದ ಬಟ್ಟೆ ಹರವಲು ಹೋಗುತ್ತಿದ್ದರು. ಯಾರ ಮುಖವನ್ನೂ ತಪ್ಪಿಸದ ಹೆಂಗಸು ಮಳೆಯಲ್ಲಿ ಬಟ್ಟೆ ನೆನೆಯುತ್ತಿದ್ದರೂ ಕಿಟಕಿಯ ಹಿಂದೆ ನಿಂತಿದ್ದನ್ನು ನಾನು ಕಂಡಿದ್ದೇನೆ.

ವಸಂತದಲ್ಲಿ ಆಂಟಿ ತೀರಿಕೊಂಡರು. ಹೃದಯದ ಹಳೆಯ ಕಾಯಿಲೆ. ಅವರ ಸಾವಿಗೆ ನೀವು ಕಾರಣವೆಂದು ನಾನು ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. ಅವರ ಕೊನೆಯ ತಿಂಗಳುಗಳ ಕಳವಳಕ್ಕೆ ನೀವು ಕಾರಣ, ಇದು ಸುಳ್ಳಲ್ಲ. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಕೇಳಿದ್ದು ಇಷ್ಟೇ: "ಇನ್ನೂ ಪ್ಲಾಸ್ಟಿಕ್‌ನಲ್ಲೇ ಇವೆಯೇನೇ?" ಗ್ರ್ಯಾಂಡ್ ಎಂಬ ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಅಂತ್ಯಕ್ರಿಯೆಗೆ ಅಜ್ಜ ಬಂದಿದ್ದರು. ಟೋಪಿ ತೆಗೆದು ಕೈಯಲ್ಲಿ ಹಿಡಿದು ಕೊನೆಯವರೆಗೂ ನಿಂತರು. ಬಾತುಗಳ ಮಾತನ್ನು ಎತ್ತಲಿಲ್ಲ. ಅವರು ಕೇಳದೆ ಉಳಿದದ್ದನ್ನು ನಾನು ಕೇಳುತ್ತಿದ್ದೇನೆ.

ಪೆಟ್ಟಿಗೆಯಿಂದ ಬಾತುಗಳನ್ನು ತೆಗೆಸಿದವರು ಯಾರು, ತಮ್ಮದಲ್ಲದ್ದನ್ನು ಇಟ್ಟುಕೊಳ್ಳಲು ಅನುಮತಿ ಕೊಟ್ಟವರು ಯಾರು, ಇಷ್ಟು ದಿನದಲ್ಲಿ ಒಬ್ಬರಾದರೂ ಆ ಸ್ಟೋರೇಜ್ ಕೋಣೆಯ ಬಾಗಿಲು ತೆರೆದು ನೋಡಿದ್ದೀರೇ ಎಂಬುದಕ್ಕೆ ಸಮಿತಿಯು ಲಿಖಿತ ಉತ್ತರ ನೀಡಬೇಕೆಂದು ಈ ಮೂಲಕ ಕೋರುತ್ತೇನೆ. ಅಜ್ಜ ಮನೆ ಬಿಡುವ ಮುನ್ನ ನನ್ನ ಸಮಕ್ಷಮದಲ್ಲಿ ಆ ಕೋಣೆಯನ್ನು ತೆರೆಯಬೇಕು. ಕೆಂಪು ತಲೆಯದೂ ಸೇರಿ ಎಲ್ಲ ಬಾತುಗಳನ್ನೂ ಒಪ್ಪಿಸಬೇಕು. ಏನಾದರೂ ಮುರಿದಿದ್ದರೆ ಸಮಿತಿಯವರೇ ಅಜ್ಜನ ಬಾಗಿಲಿಗೆ ಬಂದು ಹೇಳಬೇಕು. ಪೆಟ್ಟಿಗೆಯನ್ನೂ ಸೀರೆಯ ಪಟ್ಟಿಗಳನ್ನೂ ನಾನು ತರುತ್ತೇನೆ. ಕೀಲಿಯನ್ನು ನೀವು ತನ್ನಿ.