ಅರ್ಧ ಟಿಕೆಟ್ಟಿನ ಹುಂಜ

ಆ ಹುಂಜ ನಮ್ಮದಲ್ಲ. ಮಳೆಗಾಲದ ಮೊದಲಿಗೆ ಕೋಳಿ ಹೇರಿಕೊಂಡು ಹೋಗುವ ಟೆಂಪೋದಿಂದ ಅಂಕಲಿಯ ರಸ್ತೆ ಮೇಲೆ ಬಿತ್ತು. ನಾನು ದನ ನೋಡಿಕೊಂಡಿರುವ ಜೈನರ ಮನೆಯ ಬಾಗಿಲ ಮುಂದೆಯೇ ಬಿತ್ತು. ಬಿಳೀ ಫಾರಂ ಕೋಳಿ. ಟೆಂಪೋದವನು ನಿಲ್ಲಿಸಲಿಲ್ಲ. ನಾನು ಕಾಲು ಹಿಡಿದು ಎತ್ತಿದೆ. ನನ್ನ ಮನಸ್ಸಿಗೆ ಬಂದದ್ದು ಸಾರು. ಸುಳ್ಳು ಯಾಕೆ ಬರೆಯಲಿ.

ಮನೆಯ ಯಜಮಾನಿ ಒಳಗಿನಿಂದ ನೋಡಿದರು. ಅವರಿಗೆ ನಾನು ಅಕ್ಕಾರ ಅನ್ನುತ್ತೇನೆ.

"ಕೆಳಗ ಇಡ ಅದನ್ನ. ಚಾತುರ್ಮಾಸದಾಗ ಬಾಗಲಿಗೆ ಬಂದ ಜೀವ."

"ಬಂದಿಲ್ರಿ ಅಕ್ಕಾರ, ಬಿದ್ದೈತಿ."

"ಬಿದ್ದರ ಜೀವ ಅಲ್ಲೇನ?"

ಚಾತುರ್ಮಾಸವೆಂದರೆ ಮಳೆಗಾಲದ ನಾಲ್ಕು ತಿಂಗಳು. ಹುಳಹುಪ್ಪಡಿ ಕಾಲಿಗೆ ಸಿಕ್ಕಾವೆಂದು ಜೈನ ಮುನಿಗಳು ತಿರುಗಾಟ ಬಿಟ್ಟು ಒಂದೇ ಊರಲ್ಲಿ ನಿಲ್ಲುತ್ತಾರೆ. ಆ ವರ್ಷ ಒಬ್ಬ ಮುನಿ ನಮ್ಮೂರಲ್ಲಿದ್ದರು. ದಿನಕ್ಕೆ ಒಂದೇ ಊಟ, ಅದೂ ನಿಂತುಕೊಂಡು, ಅಂಗೈಯಲ್ಲಿ. ಮುಂಜಾನೆ ಜೈನರೆಲ್ಲ ಮಡಿಯಿಂದ ಅಡಿಗೆ ಮಾಡಿ ತಮ್ಮ ತಮ್ಮ ಬಾಗಿಲಲ್ಲಿ ಕೈ ಮುಗಿದು ನಿಲ್ಲುತ್ತಾರೆ. ಮುನಿ ಯಾರ ಮನೆಗೆ ತಿರುಗುತ್ತಾರೋ ಅವರ ಪುಣ್ಯ. ಅಕ್ಕಾರು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಯಾವ ಮುನಿಯೂ ಅವರ ಬಾಗಿಲಿಗೆ ತಿರುಗಿರಲಿಲ್ಲ. ಈ ಸಲ ದಿನಾಲೂ ನಿಂತರು. ದಿನಾಲೂ ಮುನಿ ಮುಂದೆ ಹೋದರು, ಅಕ್ಕಾರು ಒಳಗೆ ಬಂದು ಆ ಅಡಿಗೆಯನ್ನು ತಾವೇ ಉಂಡರು.

ಹುಂಜ ಹಿತ್ತಿಲಲ್ಲಿ ತಿಂದು ತಿಂದು ಬೆಳೆಯಿತು. ಜವಾರಿ ಕೋಳಿಯ ಹಾಗೆ ಕೆದರಿ ತಿನ್ನುವುದು ಅದಕ್ಕೆ ಗೊತ್ತಿಲ್ಲ. ಹಾಕಿದ್ದನ್ನು ತಿನ್ನುವುದು, ಕೂರುವುದು. ದೀಪಾವಳಿ ಹತ್ತಿರ ಬಂದಾಗ ಮೈ ಭಾರಕ್ಕೆ ಕಾಲು ಎರಡೂ ಕಡೆ ಅಗಲವಾಗಿ ಜಾರತೊಡಗಿದವು. ನಾನೇ ಎತ್ತಿ ನೆರಳಿಗೆ ಇಡಬೇಕು. ಆದರೂ ಕೂಗಲು ಕಲಿಯಿತು. ಕೂಗಿದ ಮೇಲೆ ಬಸದಿಯವರಿಗೆ ಗೊತ್ತಾಯಿತು. ಇಬ್ಬರು ಬಂದು, "ಕೋಳಿ ಇರೂ ಮನ್ಯಾಗ ಮುನಿಗಳ ಆಹಾರ ಆಗಂಗಿಲ್ರಿ. ಮೊದಲ ಅದನ್ನ ಸಾಗಹಾಕ್ರಿ" ಎಂದು ಹೇಳಿಹೋದರು. ಮುನಿ ಊರು ಬಿಡಲು ಮೂರು ದಿನ ಉಳಿದಿತ್ತು.

ಅಕ್ಕಾರು ನನ್ನ ಕೈ ಹಿಡಿದು ತಮ್ಮ ಕೈ ಮೇಲೆ ಇಟ್ಟುಕೊಂಡರು. "ಕೊಯ್ಯಲಾರದ ಮನಿ ನೋಡಿ ಕೊಟ್ಟು ಬಾ. ಮಾತ ಕೊಡ."

ಕೊಟ್ಟೆ. ಕೊಡಬಾರದಿತ್ತು.

ಓಣಿಯಲ್ಲಿ ಕೇಳಿದರೆ ಎಲ್ಲರೂ ಕೈ ಚಾಚಿದರು. "ತಾ ಆಯಿ, ಐತವಾರ ಬರಲಿ, ಭಾರಿ ಬೇಷ್ ಇಟ್ಕೋತೀವಿ" ಎಂದು ಒಬ್ಬ ಬಾಯಿ ಒರೆಸಿಕೊಂಡು ನಕ್ಕ. ಕೊಯ್ಯಬಾರದು ಅಂದ ಕೂಡಲೇ ಚಾಚಿದ ಕೈ ಹಿಂದಕ್ಕೆ ಹೋದವು. ಗೋಶಾಲೆಗೆ ಹೊತ್ತುಕೊಂಡು ಹೋದೆ. ಅಲ್ಲಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದಕ್ಕ ಕೋಡು ಎಲ್ಲಿ ಅದಾವ್ಬೇ?" ಅಂದ.

ಎರಡನೇ ದಿನ ನನಗೆ ಐನಾಪುರದ ಒಬ್ಬ ಮುದುಕ ನೆನಪಾದ. ನನ್ನ ತವರಿನ ಕಡೆಯ ಸಂಬಂಧ. ಕೊರಳಲ್ಲಿ ತುಳಸಿಮಣಿಯ ಮಾಳ ಹಾಕಿದವನು, ವರ್ಷಕ್ಕೊಮ್ಮೆ ಪಂಢರಪುರಕ್ಕೆ ನಡೆದು ಹೋಗುವವನು. ಮಾಳ ಹಾಕಿದವರು ಮಾಂಸ ಮುಟ್ಟುವುದಿಲ್ಲ. ಇದು ಮೊದಲೇ ಹೊಳೆಯಬೇಕಿತ್ತು. ಹುಂಜವನ್ನು ಚೀಲದಲ್ಲಿ ಹಾಕಿ, ತಲೆ ಹೊರಗಿಟ್ಟು ಬಸ್ಸು ಹತ್ತಿದೆ.

"ಅದಕ್ಕೂ ಅರ್ಧ ಟಿಕೆಟ್ ಆಗ್ತೈತಿ" ಅಂದ ಕಂಡಕ್ಟರ್.

"ಸೀಟ್ ಕೊಡ್ತೀಯೇನೋ ತಮ್ಮಾ?"

"ನಿನಗ ಇಲ್ಲ, ಅದಕ್ಕೆಲ್ಲಿಂದ ತರ್ಲಿ!"

ಇಬ್ಬರೂ ನಿಂತುಕೊಂಡೇ ಹೋದೆವು, ನಾನು ಮತ್ತು ಚೀಲ.

ಮುದುಕ ಕಟ್ಟೆ ಮೇಲೆ ಕುಳಿತಿದ್ದ. ಹುಂಜವನ್ನು ನೆಲಕ್ಕಿಟ್ಟು ಅಕ್ಕಾರ ಮಾತು ಹೇಳಿದೆ. ಅದು ನಿಲ್ಲಲಿಲ್ಲ, ಹಿಟ್ಟಿನ ಮುದ್ದೆಯ ಹಾಗೆ ಹರಡಿಕೊಂಡಿತು. ಅವನು ಕಾಲು ಹಿಚುಕಿ ನೋಡಿದ.

"ಮಾಳ ನನ್ನ ಕೊಳ್ಳಾಗೈತಿ ತಂಗಿ, ನನ್ನ ಮಕ್ಕಳ ಕೊಳ್ಳಾಗಿಲ್ಲ. ನಾ ಭಜನಿಗೆ ಹೋಗಿ ಬರೂದ್ರಾಗ ಗಡಿಗಿ ಏರಿಸ್ತಾರ."

"ಹೆದರಿಸಿ ಇಟ್ಕೋ."

"ನನ್ನ ಮಾತ ಈ ಮನ್ಯಾಗ ನಾಯಿ ಕೇಳಂಗಿಲ್ಲ. ಅಲ್ಲಾ, ಇದು ಹುಂಜ ಏನ? ತಿನ್ನಾಕ ಮಾಡಿದ್ದು ಇದು, ಬದುಕಾಕ ಮಾಡಿದ್ದಲ್ಲ. ಕಾಲು ಹೋಗ್ಯಾವು. ಕೊಯ್ಯೂದು ಪಾಪ ಅಂತಾಳ ನಿಮ್ಮಾಕಿ. ಹಿಂಗ ಇಡೂದಕ್ಕ ಏನಂತಾಳ?"

ಚಹ ಕೊಟ್ಟ. ಕುಡಿದು ಚೀಲ ಎತ್ತಿಕೊಂಡೆ.

ಅಂಕಲಿಯಲ್ಲಿ ಇಳಿದಾಗ ಎದುರಿಗೇ ಕೋಳಿ ಕೊಯ್ಯುವ ಅಂಗಡಿ. ಬಹಳ ಹೊತ್ತು ನಿಂತೆ. ಒಂದು ಸುಳ್ಳು ಹೇಳಿದರೆ ಮುಗಿಯುತ್ತಿತ್ತು. ಅಕ್ಕಾರು ಮರುದಿನ ಬಾಗಿಲಲ್ಲಿ ನಿಲ್ಲುತ್ತಿದ್ದರು, ಹುಂಜದ ನರಳಾಟವೂ ತಪ್ಪುತ್ತಿತ್ತು. ನನಗೆ ಪಾಪದ ಭಯವಿಲ್ಲ. ಆದರೆ ಕೈ ಮೇಲೆ ಕೈ ಇಟ್ಟಿದ್ದೆ. ಮನೆಗೆ ತಂದೆ.

ಅಕ್ಕಾರು ಚೀಲ ನೋಡಿದರು, ನನ್ನನ್ನು ನೋಡಿದರು. ನಾನೇ ಅಂದೆ, "ನಾಳಿ ಒಂದ ಮುಂಜಾನಿ ಎಲ್ಯರ ಮುಚ್ಚಿ ಇಡೂಣ್ರಿ. ಯಾರಿಗಿ ಗೊತ್ತಾಗ್ತೈತಿ?"

"ಮುಚ್ಚಿಟ್ಟು ಮುನಿಗಳಿಗೆ ಕೈ ಮುಗೀಲೇನ?" ಅಂದರು. ಸಿಟ್ಟು ಬರಲಿಲ್ಲ ಅವರಿಗೆ. ಬಂದಿದ್ದರೆ ಚೆನ್ನಾಗಿತ್ತು.

ಮರುದಿನ ಕೊನೆಯ ಮುಂಜಾನೆ. ಓಣಿಯ ಎಲ್ಲ ಬಾಗಿಲಲ್ಲೂ ಜನ ನಿಂತರು, ನಮ್ಮ ಬಾಗಿಲಲ್ಲಿ ಇಲ್ಲ. ಅಕ್ಕಾರು ಅಡಿಗೆ ಹೂಡಲಿಲ್ಲ. ಕಿಟಕಿಯ ಹಿಂದೆ ನಿಂತಿದ್ದರು. ಮುನಿ ನವಿಲುಗರಿಯ ಪಿಂಛಿ ಹಿಡಿದು ಬಂದರು. ನಮ್ಮ ಬಾಗಿಲ ಮುಂದೆ ಹೆಜ್ಜೆ ಸ್ವಲ್ಪ ನಿಧಾನವಾಯಿತು ಎಂದು ಅಕ್ಕಾರು ಇವತ್ತಿಗೂ ಹೇಳುತ್ತಾರೆ. ನಾನು ಸೆಗಣಿ ಬುಟ್ಟಿ ಇಟ್ಟು ನೋಡುತ್ತಿದ್ದೆ. ಹಾಗೇನೂ ಆಗಲಿಲ್ಲ. ಎರಡು ಮನೆ ದಾಟಿ ಬೇರೆಯವರಲ್ಲಿ ತಿರುಗಿದರು.

ಹುಂಜ ಆಮೇಲೆ ಒಂದು ವಾರ ಬದುಕಿತು. ಎದೆ ನೆಲಕ್ಕೆ ಉಜ್ಜಿ ಹುಣ್ಣಾಗಿತ್ತು. ಅಕ್ಕಾರು ದಿನಾಲೂ ಅರಿಷಿಣ ಹಚ್ಚಿದರು, ಬಾಯಿಗೆ ನೀರು ಬಿಟ್ಟರು. ಸತ್ತ ದಿನ ನಾನು ಕಬ್ಬಿನ ಬದುವಿನಲ್ಲಿ ತಗ್ಗು ತೋಡಿ ಮುಚ್ಚಿದೆ. ಅವರು ಬರಲಿಲ್ಲ.

ಮುನಿ ನಿಪ್ಪಾಣಿ ಕಡೆ ನಡೆದು ಹೋದರಂತೆ. ಮತ್ತೆ ನಮ್ಮೂರಿಗೆ ಯಾರು ಬರುತ್ತಾರೋ, ಯಾವಾಗ ಬರುತ್ತಾರೋ. ಅಕ್ಕಾರಿಗೆ ಈಗ ಮೊಣಕಾಲು ಬಾತಿವೆ, ಬಾಗಿಲಲ್ಲಿ ಅಷ್ಟು ಹೊತ್ತು ನಿಲ್ಲಲು ಆಗುವುದಿಲ್ಲ.